ಮೊದಲ ಗಾಡಿ ಯಾರದು?

ಹೋದ ತಿಂಗಳು ಒಂದು ಶನಿವಾರ ಸಂಜೆ ಹೋಳೂರಿನ ನಮ್ಮ ಮನೆಗೆ ತಂದೆ ಮಗ ಇಬ್ಬರು ಬಂದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಐವತ್ತೆಂಟು ತೆಗೆದವನು. ಪಿಯುಸಿ ಕೈಗೆ ಹತ್ತಲಿಲ್ಲ. ಎರಡು ವರ್ಷ ಟೆಂಪೊ ಒಂದರಲ್ಲಿ ಕ್ಲೀನರ್ ಆಗಿ ಟೊಮೆಟೊ ಬಾಕ್ಸುಗಳನ್ನು ಎತ್ತಿ ಇಳಿಸಿದ. ಈಗ ಇಪ್ಪತ್ತೊಂದು ವಯಸ್ಸು, ಕೈಯಲ್ಲಿ ಹೊಸ ಹೆವಿ ಲೈಸೆನ್ಸು.

‘ಎರಡು ಕಡೆ ಕರೀತಾವ್ರೆ ಮೇಷ್ಟ್ರೇ’ ಎಂದರು ತಂದೆ. ‘ಒಬ್ಬರು ಟೊಮೆಟೊ ಮಂಡಿಯವರು, ಮೂರು ಗಾಡಿ ಮಡಗವ್ರೆ. ಟ್ರಿಪ್ ಲೆಕ್ಕ. ತಿಂಗಳಿಗೆ ಮೂವತ್ತಾರು ಸಾವಿರ ಬೀಳ್ತದಂತೆ. ಇನ್ನೊಂದು ನರಸಾಪುರದ ಫ್ಯಾಕ್ಟರಿಗಳಿಗೆ ಕಂಟೇನರ್ ಓಡಿಸೋ ಕಂಪನಿ. ಹದಿನೆಂಟು ಸಾವಿರ ಸಂಬಳ, ದಿನಕ್ಕೆ ಇನ್ನೂರೈವತ್ತು ಬ್ಯಾಟಾ. ಸೋಮವಾರದೊಳಗೆ ಹೇಳಬೇಕು. ನೀವು ಹೂಂ ಅಂದ್ರೆ ಟೊಮೆಟೊ ಗಾಡಿಗೇ ಕಳಿಸ್ತೀನಿ.’

ನಾನು ತಕ್ಷಣ ಹೂಂ ಎನ್ನಲಿಲ್ಲ. ಕಾರಣವಿತ್ತು. ಹನ್ನೆರಡು ವರ್ಷಗಳ ಹಿಂದೆ ಇದೇ ಜಗಲಿಯ ಮೇಲೆ ಇನ್ನೊಬ್ಬ ಹುಡುಗ ಇದೇ ಪ್ರಶ್ನೆ ಕೇಳಿದ್ದ. ಹೆಚ್ಚು ಯೋಚಿಸದೆ ‘ದುಡ್ಡು ಜಾಸ್ತಿ ಕೊಡೋ ಕಡೆ ಹೋಗಪ್ಪ, ಮೊದಲು ಮನೆ ನಿಲ್ಲಲಿ’ ಎಂದುಬಿಟ್ಟಿದ್ದೆ. ಆತ ಹೋದ. ಏಳು ತಿಂಗಳು ಚೆನ್ನಾಗಿಯೇ ದುಡಿದ. ಎಂಟನೆಯ ತಿಂಗಳು, ಸತತ ಎರಡನೆಯ ರಾತ್ರಿ ಗಾಡಿ ಓಡಿಸುತ್ತ ಬೆಳಗಿನ ಜಾವ ಪಲಮನೇರಿನಾಚೆ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿದ. ಜೀವ ಉಳಿಯಿತು, ಎಡಗಾಲು ಮಂಡಿಯ ಕೆಳಗೆ ಹೋಯಿತು. ಮಾಲೀಕರು ‘ಇವನು ನಮ್ಮ ಡ್ರೈವರೇ ಅಲ್ಲ, ಆ ದಿನ ಬದಲಿಗೆ ಬಂದಿದ್ದ’ ಎಂದರು. ಅಲ್ಲವೆನ್ನಲು ಅವನ ಬಳಿ ಒಂದು ಚೂರು ಕಾಗದವಿರಲಿಲ್ಲ. ಈಗ ಊರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲಲು ಹೋಗುತ್ತಾನೆ. ಬೇಡಪ್ಪ ಎಂದರೂ ಕೇಳುವುದಿಲ್ಲ.

ಆದ್ದರಿಂದ ಈ ಸಲ ‘ನಾಳೆ ಬನ್ನಿ, ಕೂತು ಲೆಕ್ಕ ಹಾಕೋಣ’ ಎಂದೆ.

ನಮ್ಮ ಜಿಲ್ಲೆಯ ಹುಡುಗರಿಗೆ ಲಾರಿ ಹೊಸದಲ್ಲ. ಕೋಲಾರದ ಎಪಿಎಂಸಿ, ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆ, ಇವೆರಡರಿಂದಲೇ ಟೊಮೆಟೊ ಉತ್ತರ ಭಾರತದವರೆಗೂ ಹೋಗುತ್ತದೆ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು. ವರ್ಷವಿಡೀ ಮಾಲೂರಿನ ಹೆಂಚು, ಇಟ್ಟಿಗೆ, ಟೇಕಲ್ ಕಡೆಯ ಕಲ್ಲು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾದ ಮೇಲೆ ಕಂಟೇನರುಗಳ ಸಾಲು ಬೇರೆ ಸೇರಿತು. ಹಿಂದೆ ನಾಲ್ಕನೆಯ ನಂಬರಿನದಾಗಿದ್ದು ಈಗ 75 ಆಗಿರುವ ರಾಷ್ಟ್ರೀಯ ಹೆದ್ದಾರಿ ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಆಂಧ್ರಕ್ಕೆ ಹೊರಡುವುದು ನಮ್ಮ ಕಣ್ಣೆದುರಿನಲ್ಲೇ. ಹಾಗಾಗಿ ಓದು ಹತ್ತದ ಹುಡುಗನಿಗೆ ‘ಹೆವಿ ಲೈಸೆನ್ಸ್ ಮಾಡಿಸು’ ಎನ್ನುವುದು ಇಲ್ಲಿನ ಮನೆಗಳಲ್ಲಿ ಸಹಜವಾಗಿ ಬರುವ ಮಾತು.

ಲೈಸೆನ್ಸಿನ ಕ್ರಮ ಗೊತ್ತಿಲ್ಲದ ತಂದೆತಾಯಿಗಳಿಗಾಗಿ ನಾಲ್ಕು ಮಾತು. 1988ರ ಮೋಟಾರು ವಾಹನ ಕಾಯ್ದೆಯಂತೆ ಹದಿನೆಂಟಕ್ಕೆ ಕಾರಿನಂಥ ಲಘು ವಾಹನದ ಲೈಸೆನ್ಸು ಸಿಗುತ್ತದೆ. ಅದು ಸಿಕ್ಕಿ ಒಂದು ವರ್ಷವಾಗದೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸು ಕೊಡುವುದಿಲ್ಲ, ಸಾರಿಗೆ ವಾಹನ ಓಡಿಸಲು ಇಪ್ಪತ್ತು ತುಂಬಿರಬೇಕು. ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಬೇಕು, ವೈದ್ಯರ ಪತ್ರವೂ ಬೇಕು. ಒಟ್ಟು ತೂಕ 7,500 ಕಿಲೋ ಮೀರದ ಸಣ್ಣ ಸರಕು ವಾಹನಗಳಿಗೆ ಲಘು ವಾಹನದ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ ಮೊದಲಿತ್ತು, 2019ರಲ್ಲಿ ತೆಗೆದರು. ಮೇಷ್ಟ್ರಾಗಿ ನನಗೆ ಇದು ಅಷ್ಟು ಸಂತೋಷದ ಸುದ್ದಿಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ್ದರೆ ಮುಂದೆ ಕೆಎಸ್‌ಆರ್‌ಟಿಸಿಯ ಬಾಗಿಲೂ ತಟ್ಟಬಹುದು. ಅಲ್ಲಿ ಚಾಲಕರನ್ನು ಕರೆದಾಗ ಎಸ್ಸೆಸ್ಸೆಲ್ಸಿಯನ್ನೂ ಹೆವಿ ಲೈಸೆನ್ಸಿನ ಎರಡು ವರ್ಷವನ್ನೂ ಕೇಳಿದ್ದುಂಟು.

ಎಷ್ಟು ಎಂದಲ್ಲ, ಹೇಗೆ ಎಂದು ಕೇಳಿ

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಹುಡುಗನ ಕೈಗೆ ನೋಟ್‌ಬುಕ್ಕು ಕೊಟ್ಟೆ. ‘ಸಂಬಳ ಎಷ್ಟು ಅಂತ ಬರೆಯಬೇಡ. ಆ ಸಂಬಳಕ್ಕೆ ಅವರು ಏನನ್ನು ಎಣಿಸ್ತಾರೆ, ಅದನ್ನು ಬರಿ’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಇದು ಅರ್ಥವಾಗಲು ಒಬ್ಬ ಹುಡುಗನ ಕಾಲು ಹೋಗಬೇಕಾಯಿತು.

ಲಾರಿ ಚಾಲಕನಿಗೆ ದುಡ್ಡು ಕೊಡುವ ಬಗೆಗಳು ಕೆಲವೇ. ತಿಂಗಳ ಸಂಬಳ ಮತ್ತು ಬ್ಯಾಟಾ ಒಂದು. ಟ್ರಿಪ್ಪಿಗೆ ಇಷ್ಟು ಎನ್ನುವುದು ಇನ್ನೊಂದು. ಬಾಡಿಗೆಯಲ್ಲಿ ಶೇಕಡಾ ಇಷ್ಟು ಎನ್ನುವವರೂ ಇದ್ದಾರೆ. ಇವುಗಳ ಜೊತೆಗೆ ಡೀಸೆಲ್ ‘ಆವರೇಜ್’: ಲೀಟರಿಗೆ ಇಷ್ಟು ಕಿಲೋಮೀಟರ್ ಬಂದರೆ ಇನಾಮು, ಬರದಿದ್ದರೆ ಸಂಬಳದಲ್ಲಿ ಕಡಿತ. ಕೇಳಲು ಎಲ್ಲವೂ ನ್ಯಾಯವಾಗಿಯೇ ಕಾಣುತ್ತವೆ. ಆದರೆ ಯಾವುದನ್ನು ಎಣಿಸುತ್ತಾರೋ ಚಾಲಕನ ಬಲಗಾಲು ಅದರ ಮಾತನ್ನೇ ಕೇಳುತ್ತದೆ.

ಟ್ರಿಪ್ಪನ್ನು ಎಣಿಸಿದರೆ ನಿದ್ದೆ ನಷ್ಟದ ಬಾಬತ್ತಾಗುತ್ತದೆ. ಮಂಡಿಯವರು ಈ ಹುಡುಗನಿಗೆ ಹೇಳಿದ್ದು ಜೈಪುರದ ಲೋಡು. ನಾಲ್ಕನೆಯ ದಿನ ಬೆಳಿಗ್ಗೆ ಅಲ್ಲಿನ ಮಾರುಕಟ್ಟೆಯಲ್ಲಿರಬೇಕು. ಕೋಲಾರದಿಂದ ಜೈಪುರ ಹೆಚ್ಚುಕಡಿಮೆ ಎರಡು ಸಾವಿರ ಕಿಲೋಮೀಟರ್. ಲೋಡು ತುಂಬಿದ ಲಾರಿ ಊರು, ಟೋಲು, ಘಟ್ಟ ಎಲ್ಲ ಸೇರಿ ಗಂಟೆಗೆ ಸರಾಸರಿ ನಲವತ್ತು ಓಡಿತೆನ್ನಿ. ಐವತ್ತು ಗಂಟೆ ಸ್ಟಿಯರಿಂಗು ಹಿಡಿದಿರಬೇಕು. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ ಹದಿನೇಳು ಗಂಟೆಯ ಹತ್ತಿರ. ಹುಡುಗ ಭಾಗಿಸಿ, ಉತ್ತರ ನೋಡಿ, ಮತ್ತೊಮ್ಮೆ ಭಾಗಿಸಿದ.

ಈ ಹದಿನೇಳಕ್ಕೆ ವಿಜ್ಞಾನದಲ್ಲೂ ಒಂದು ಹೆಸರುಂಟು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಒಂದು ಪ್ರಯೋಗವನ್ನು ವರದಿ ಮಾಡಿದರು. ಸತತ ಹದಿನೇಳು ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿದಿತ್ತು. ನಮ್ಮ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ 0.03. ಅಂದರೆ ಒಂದು ತೊಟ್ಟೂ ಕುಡಿಯದ ನಮ್ಮ ಹುಡುಗ ಕೇವಲ ನಿದ್ದೆಗೆಟ್ಟು ಕುಡಿದವನ ಸಮವಾಗುತ್ತಾನೆ. ಮೂಗಿಗೆ ಯಂತ್ರ ಹಿಡಿದರೆ ಅದು ಗೊತ್ತಾಗುವುದಿಲ್ಲ, ಅಷ್ಟೇ.

‘ಅರುವತ್ತರ ವೇಗದಲ್ಲಿ ಸೆಕೆಂಡಿಗೆ ಎಷ್ಟು ಮೀಟರ್?’ ಎಂದೆ. ‘ಹದಿನಾರು ಪಾಯಿಂಟ್ ಏಳು ಸಾ’ ಎಂದ. ಪರವಾಗಿಲ್ಲ, ಒಂಬತ್ತನೆಯ ತರಗತಿ ಮರೆತಿಲ್ಲ. ಮುಂದಿರುವುದನ್ನು ಕಂಡು ಬ್ರೇಕಿಗೆ ಕಾಲಿಡಲು ಎಚ್ಚರದ ಮನುಷ್ಯನಿಗೆ ಒಂದು ಸೆಕೆಂಡು ಬೇಕು ಎಂದುಕೊಳ್ಳಿ. ಅಷ್ಟರಲ್ಲೇ ಹದಿನೇಳು ಮೀಟರ್ ಹೋಯಿತು. ಆಮೇಲೆ ಒಳ್ಳೆಯ ಬ್ರೇಕಿದ್ದರೂ ಲಾರಿ ನಿಲ್ಲಲು ಇನ್ನೊಂದು ಇಪ್ಪತ್ತೆಂಟು ಮೀಟರ್. ಕಣ್ಣು ಮೂರೇ ಸೆಕೆಂಡು ಮುಚ್ಚಿಕೊಂಡರೆ ಬ್ರೇಕು ಮುಟ್ಟುವ ಮೊದಲೇ ಐವತ್ತು ಮೀಟರ್ ಕುರುಡಾಗಿ ಹೋಗಿರುತ್ತದೆ. ರಾತ್ರಿ ಎರಡರಿಂದ ಐದರವರೆಗೆ ದೇಹ ತಾನಾಗಿಯೇ ನಿದ್ದೆಗೆ ಎಳೆಯುವ ಹೊತ್ತು. ಚಹಾ ಕುಡಿದರೂ, ಹಾಡು ಹಾಕಿದರೂ ಆ ಗಡಿಯಾರ ನಿಲ್ಲುವುದಿಲ್ಲ.

ಶೇಕಡಾವಾರು ಲೆಕ್ಕದ ಕತೆ ಬೇರೆ. ಅಲ್ಲಿ ತೂಕ ಹೆಚ್ಚಿದಷ್ಟೂ ಚಾಲಕನ ಪಾಲು ಹೆಚ್ಚು. ಮೂರು ಆಕ್ಸಲಿನ ಹತ್ತು ಚಕ್ರದ ಲಾರಿಗೆ ಸರಕೂ ಸೇರಿ 28.5 ಟನ್ ಮಿತಿ. 2018ರವರೆಗೆ ಇದು 25 ಇತ್ತು. ಇದರ ಮೇಲೆ ತುಂಬಿದರೆ 2019ರ ತಿದ್ದುಪಡಿಯಂತೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ ಬೇರೆ. ಆ ಕಲಮು ಓಡಿಸುವವನನ್ನೂ ಹಿಡಿಯುತ್ತದೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ರಸ್ತೆಯಲ್ಲಿ ಸಿಕ್ಕಿಬೀಳುವವನು ಮಾತ್ರ ಓಡಿಸುವವನೇ. ಕಲ್ಲು, ಇಟ್ಟಿಗೆ ಹೊರುವ ಗಾಡಿಗೆ ಸೇರುವವರು ‘ಕೇಸು ಬಿದ್ದರೆ ಕಟ್ಟುವವರು ಯಾರು?’ ಎಂದು ಮೊದಲ ದಿನವೇ ಕೇಳಬೇಕು.

ಇನ್ನು ಡೀಸೆಲ್ ಇನಾಮು. ನೋಡಲು ಬಹಳ ಸಾಧು, ನನಗೆ ಹೆಚ್ಚು ಭಯವಿರುವುದು ಇದರದೇ. ಪಲಮನೇರು ದಾಟಿದ ಮೇಲೆ ಚಿತ್ತೂರಿನ ಕಡೆಗೆ ಮೊಗಿಲಿ ಘಟ್ಟ ಇಳಿಯಬೇಕಲ್ಲ, ಅಲ್ಲಿ ಹಳೆಯ ಚಾಲಕರು ಗೇರು ಇಳಿಸಿ ಎಂಜಿನ್ನಿನ ಬಿಗಿಯಲ್ಲೇ ಗಾಡಿ ಇಳಿಸುತ್ತಾರೆ. ಇನಾಮಿನ ಆಸೆಗೆ ಬಿದ್ದ ಹೊಸಬ ನ್ಯೂಟ್ರಲ್‌ಗೆ ಹಾಕುತ್ತಾನೆ. ಎಂಜಿನ್ನಿನ ಹಿಡಿತ ತಪ್ಪಿತೋ, ಇಡೀ ಭಾರ ಬ್ರೇಕಿನ ಮೇಲೆ. 28.5 ಟನ್ನಿನ ಗಾಡಿ ನೂರು ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು ಎರಡು ಕೋಟಿ ಎಂಬತ್ತು ಲಕ್ಷ ಜೂಲ್. ಅಷ್ಟು ಶಕ್ತಿ ಸುಮಾರು ತೊಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರಬಲ್ಲದು. ಅದೆಲ್ಲ ಬ್ರೇಕ್ ಡ್ರಮ್ಮಿಗೆ ಹೋದರೆ ಲೈನರು ಕಾದು ಹಿಡಿತ ಬಿಡುತ್ತದೆ. ಎಂಜಿನ್ನನ್ನೇ ಆರಿಸಿಬಿಡುವ ಮಹಾನುಭಾವರೂ ಇದ್ದಾರೆ. ಆಗ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಂತುಹೋಗುತ್ತದೆ. ಉಳಿಸಿದ್ದು ಎಷ್ಟು? ಒಂದೆರಡು ಲೋಟ ಡೀಸೆಲ್.

‘ಮಂಡಿಯವರು ಆವರೇಜ್ ಹಿಡೀತಾರಾ?’ ಎಂದು ಕೇಳಿದೆ. ಹುಡುಗ ತಲೆಯಾಡಿಸಿದ. ನರಸಾಪುರದವರು? ‘ಅವರೂ ಹಿಡೀತಾರೆ ಸಾ. ಆದ್ರೆ ಗಾಡೀಲಿ ಜಿಪಿಎಸ್ ಐತೆ, ನ್ಯೂಟ್ರಲ್ ಹಾಕಿದ್ರೆ ಬೈತಾರಂತೆ.’ ಒಂದು ಕಡೆ ಇನಾಮು, ಇನ್ನೊಂದು ಕಡೆ ಬೈಗುಳ. ಇರಲಿ, ಬೈಗುಳವಾದರೂ ಇದೆಯಲ್ಲ.

ತಂದೆ ಇಷ್ಟು ಹೊತ್ತು ಸುಮ್ಮನಿದ್ದವರು ಬಾಯಿಬಿಟ್ಟರು. ‘ಅದೆಲ್ಲ ಸರಿ ಮೇಷ್ಟ್ರೇ. ಮಗಳ ಮದುವೆ ಸಾಲ ಐತೆ. ಹನ್ನೆರಡು ಸಾವಿರ ಯತ್ವಾಸ ಆಗ್ತದೆ ತಿಂಗಳಿಗೆ. ಯಾರು ಕೊಡ್ತಾರೆ?’

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಬಡ್ಡಿಗೆ ಭೌತಶಾಸ್ತ್ರ ಗೊತ್ತಿಲ್ಲ. ಆದರೂ ಗಂಟೆಯ ಲೆಕ್ಕ ಮಾಡಿಸಿದೆ. ನರಸಾಪುರದಲ್ಲಿ ತಿಂಗಳಿಗೆ 24 ದಿನ, ದಿನಕ್ಕೆ ಒಂಬತ್ತು ಗಂಟೆ, ಸಂಬಳ ಬ್ಯಾಟಾ ಸೇರಿ 24,000. ಗಂಟೆಗೆ ನೂರಾ ಹನ್ನೊಂದು ರೂಪಾಯಿ. ಟೊಮೆಟೊ ಗಾಡಿಯಲ್ಲಿ 25 ದಿನ, ಕಾಯುವುದೂ ಸೇರಿ ಕನಿಷ್ಠ ಹದಿನೈದು ಗಂಟೆ, 36,000. ಗಂಟೆಗೆ ತೊಂಬತ್ತಾರು. ಅದರಲ್ಲೇ ದಾರಿಯ ಊಟ ಕಳೆಯಬೇಕು. ‘ಹೆಚ್ಚು ಕೊಡೋದಿಲ್ಲ, ಹೆಚ್ಚು ಹೊತ್ತು ಇಟ್ಕೊಳ್ತಾರೆ’ ಎಂದ ಹುಡುಗ, ತನ್ನಷ್ಟಕ್ಕೆ. ತಂದೆ ಮಾತಾಡಲಿಲ್ಲ.

ಕಾನೂನು ಇದನ್ನೆಲ್ಲ ಯೋಚಿಸಿಲ್ಲವೆಂದಲ್ಲ. ಐದು ಮಂದಿಗಿಂತ ಕಡಿಮೆಯಿಲ್ಲದ ಸಾರಿಗೆ ಸಂಸ್ಥೆಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಅದು ಸೇರಿಹೋಯಿತು. ಎಂಟು ಗಂಟೆ ಅಲ್ಲೂ ಉಂಟು, ಕೆಲಸಕ್ಕೆ ನೇಮಕಾತಿ ಪತ್ರ ಕೊಡಬೇಕೆಂಬುದೂ ಉಂಟು. ಆದರೆ ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂದು ಇದ್ದ ನಿಯಮವನ್ನು 2018ರಲ್ಲಿ ತೆಗೆದುಹಾಕಿದರು. ಎರಡನೆಯ ಚಾಲಕ ಈಗ ಮಾಲೀಕನ ಮನಸ್ಸಿಗೆ ಬಿಟ್ಟ ವಿಷಯ. ದೂರದ ಲೋಡಿಗೆ ಸೇರುವ ಹುಡುಗ ಬೇರೇನು ಕೇಳದಿದ್ದರೂ ‘ಜೊತೆಗೆ ಇನ್ನೊಬ್ಬ ಡ್ರೈವರ್ ಇರ್ತಾರಾ?’ ಎಂದು ಕೇಳಲೇಬೇಕು. ಕ್ಲೀನರ್ ಇರ್ತಾನೆ ಎಂಬುದು ಉತ್ತರವಲ್ಲ. ಲೈಸೆನ್ಸಿಲ್ಲದ ಕ್ಲೀನರ್ ಕೈಗೆ ಸ್ಟಿಯರಿಂಗ್ ಕೊಟ್ಟು ಮಲಗುವುದೆಂದರೆ ಎರಡು ಮನೆಗಳನ್ನು ಒಟ್ಟಿಗೆ ಪಣಕ್ಕಿಟ್ಟಂತೆ.

ಕಾಗದ ಪತ್ರದ ವಿಷಯದಲ್ಲಿ ನಮ್ಮ ಜನ ಸಂಕೋಚ ಪಡುತ್ತಾರೆ, ‘ಕೇಳಿದರೆ ಏನಂದುಕೊಂಡಾರೋ’ ಎಂದು. ಸಂಕೋಚ ಬೇಡ. ಹತ್ತು ಮಂದಿಯಿದ್ದ ಕಡೆ, ಸಂಬಳ ಇಪ್ಪತ್ತೊಂದು ಸಾವಿರ ಮೀರದಿದ್ದರೆ ಇಎಸ್‌ಐ ಇರಬೇಕು. ಇಪ್ಪತ್ತು ಮಂದಿಯಿದ್ದರೆ ಪಿಎಫ್. ಮೂರು ಲಾರಿಯ ಮಾಲೀಕರಿಗೆ ಇವೆರಡೂ ತಾಗದಿರಬಹುದು. ಆದರೆ ಲಾರಿಯ ವಿಮೆಯಲ್ಲಿ ಚಾಲಕನ ಬಾಬ್ತು ಕಂತು ಕಟ್ಟಿದೆಯೇ ಎಂದು ತೋರಿಸಲು ಒಂದು ಲಾರಿಯವರಿಗೂ ಕಷ್ಟವಿಲ್ಲ. ಗಾಡಿ ನಂಬರು ಗೊತ್ತಿದ್ದರೆ ‘ಎಂ-ಪರಿವಾಹನ್’ ಎಂಬ ಸರ್ಕಾರದ ಆ್ಯಪಿನಲ್ಲಿ ಎಫ್‌ಸಿ ಯಾವಾಗ ಮುಗಿಯುತ್ತದೆ, ವಿಮೆ ಜೀವಂತವಾಗಿದೆಯೇ ಎಂದು ಮನೆಯಲ್ಲೇ ಕೂತು ನೋಡಬಹುದು. ಮಂಡಿಯವರ ಮೂರು ಗಾಡಿಗಳನ್ನು ನಾವು ನೋಡಿದೆವು. ಒಂದರ ಎಫ್‌ಸಿ ಮುಗಿದು ನಾಲ್ಕು ತಿಂಗಳಾಗಿತ್ತು. ಇನ್ನೊಂದು ಎಚ್ಚರಿಕೆ: ‘ನಂಬಿಕೆಗೆ ಒರಿಜಿನಲ್ ಲೈಸೆನ್ಸ್ ನಮ್ಮಲ್ಲಿರಲಿ’ ಎನ್ನುವವರಿದ್ದಾರೆ. ಕೊಡಬೇಡಿ. ಲೈಸೆನ್ಸು ಮಾಲೀಕರ ಬೀರುವಿನಲ್ಲಿದ್ದರೆ ಕೆಲಸ ಬಿಡುವ ಸ್ವಾತಂತ್ರ್ಯವೂ ಅಲ್ಲೇ ಇರುತ್ತದೆ.

ನಂಬಿಕೆಯ ಮಾತು ಬಂತಲ್ಲ, ಮಾಲೀಕರ ಕಡೆಯಿಂದಲೂ ನೋಡಬೇಕು. 2023ರ ಜುಲೈಯಲ್ಲಿ ಕೋಲಾರದಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ದಾಟಿದ್ದು ನೆನಪಿರಬಹುದು. ಅದೇ ತಿಂಗಳು ಇಲ್ಲಿಂದ ಜೈಪುರಕ್ಕೆ ಹೊರಟ, ಇಪ್ಪತ್ತು ಲಕ್ಷಕ್ಕೂ ಮೀರಿದ ಬೆಲೆಯ ಟೊಮೆಟೊ ಲಾರಿ ಊರು ತಲುಪಲಿಲ್ಲವೆಂದು ಪೊಲೀಸರಲ್ಲಿ ದೂರು ದಾಖಲಾಯಿತು. ಇಪ್ಪತ್ತೊಂದರ ಹುಡುಗನ ಕೈಗೆ ಅಷ್ಟು ಬೆಲೆಯ, ಮೂರು ದಿನಕ್ಕೆ ಕೊಳೆಯುವ ಸರಕನ್ನು ಕೊಡುವವರಿಗೂ ನಿದ್ದೆ ಬರುವುದಿಲ್ಲ. ಗಂಟೆಗೊಂದು ಸಲ ಫೋನ್ ಮಾಡುತ್ತಾರೆ. ಓಡಿಸುತ್ತಲೇ ಎತ್ತಿಕೊಳ್ಳಬೇಕಾದ ಫೋನು ಅದು.

ಅಪಘಾತವಾದಾಗ ಏನು ಮಾಡಬೇಕು ಎಂದೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲಲಾಗದ ಪರಿಸ್ಥಿತಿಯನ್ನು ಕಾಯ್ದೆಯೇ ಒಪ್ಪುತ್ತದೆ, ಆದರೆ ಹತ್ತಿರದ ಠಾಣೆಗೆ ಹೋಗಲೇಬೇಕು. ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆಯೆಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ಚಾಲಕರು ದೇಶದಾದ್ಯಂತ ಗಾಡಿ ನಿಲ್ಲಿಸಿದ್ದರು. ಆ ಜುಲೈಯಲ್ಲಿ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದೊಂದನ್ನು ತಡೆಹಿಡಿದರು. ‘ಹೆದರಬೇಡ, ಠಾಣೆಗೆ ಹೋಗು, ನಾವು ಬರ್ತೀವಿ’ ಎನ್ನುವ ಮಾಲೀಕರು ಬೇಕು. ‘ಗಾಡಿ ಅಲ್ಲೇ ಬಿಟ್ಟು ಬಂದುಬಿಡು’ ಎನ್ನುವವರಲ್ಲ.

ಎಡಗಡೆಯ ಸೀಟು

ದೊಡ್ಡ ಕಂಪನಿಯಾದರೆ ಎಲ್ಲ ಸರಿಯಿರುತ್ತದೆ, ಸಣ್ಣವರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ವಿಜಯಾನಂದ ರೋಡ್‌ಲೈನ್ಸ್ ಶುರುಮಾಡಿದ್ದು ಒಂದೇ ಲಾರಿಯಿಂದ. ಒಂದು ಲಾರಿಯವರೆಲ್ಲ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಆದರೆ ತಾನೇ ಹತ್ತು ವರ್ಷ ಓಡಿಸಿ ಆಮೇಲೆ ಮಾಲೀಕನಾದವನಿಗೆ ನಿದ್ದೆಯ ಬೆಲೆ ಗೊತ್ತಿರುತ್ತದೆ. ಅಂಥವರು ನಮ್ಮ ಮುಳಬಾಗಿಲಿನಲ್ಲೂ ಇದ್ದಾರೆ, ಶ್ರೀನಿವಾಸಪುರದಲ್ಲೂ ಇದ್ದಾರೆ. ಹುಡುಕಬೇಕು. ಹುಡುಕುವ ಜಾಗ ಟ್ರಾನ್ಸ್‌ಪೋರ್ಟ್ ಆಫೀಸಲ್ಲ, ಅದರ ಎದುರಿನ ಚಹಾ ಅಂಗಡಿ. ಅಲ್ಲಿ ಆ ಕಂಪನಿಯ ಚಾಲಕರನ್ನು ಮಾತಿಗೆಳೆಯಿರಿ (ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲೇ ನಡೆಯುತ್ತದೆ). ಸಂಬಳ ಯಾವ ತಾರೀಕಿಗೆ ಬರುತ್ತದೆ, ಟೈರು ಸವೆದರೆ ಹೇಳಿದ ತಕ್ಷಣ ಬದಲಿಸುತ್ತಾರೆಯೇ, ಐದು ವರ್ಷದಿಂದ ಇರುವವರು ಯಾರಾದರೂ ಉಂಟೇ ಎಂದು ವಿಚಾರಿಸಿ. ಎಲ್ಲರೂ ಆರು ತಿಂಗಳ ಹೊಸಬರೇ ಆದರೆ ಹಳಬರು ಎಲ್ಲಿ ಹೋದರು ಎಂದು ಯೋಚಿಸಬೇಕಾಗುತ್ತದೆ.

ಹೊಸಬನಿಗಂತೂ ಹಳಬ ಒಬ್ಬನಿರುವುದು ಸಂಬಳಕ್ಕಿಂತ ದೊಡ್ಡದು. ಡ್ರೈವಿಂಗ್ ಶಾಲೆಯಲ್ಲಿ ಓಡಿಸುವುದು ಖಾಲಿ ಗಾಡಿ. ಇಪ್ಪತ್ತು ಟನ್ ಹೊತ್ತ ಗಾಡಿ ತಿರುವಿನಲ್ಲಿ ಹೇಗೆ ವಾಲುತ್ತದೆ, ಟಾರ್ಪಾಲಿನ ಹಗ್ಗ ಎಲ್ಲಿ ಬಿಗಿಯಬೇಕು, ಕನ್ನಡಿಯಲ್ಲಿ ಕಾಣದ ಬೈಕಿನವನು ಎಲ್ಲಿರುತ್ತಾನೆ, ಇವನ್ನು ಎಡಗಡೆಯ ಸೀಟಿನಲ್ಲಿ ಕೂತು ಕಲಿಯಬೇಕು. ಕ್ರಮವಾಗಿ ಕಲಿಸುವ ಕಡೆಗಳೂ ಇವೆ. ಮಾಲೂರಿನಲ್ಲಿ ಕೆಎಸ್‌ಆರ್‌ಟಿಸಿಯ ತರಬೇತಿ ಕೇಂದ್ರವಿದೆ. ತಮಿಳುನಾಡಿನ ನಾಮಕ್ಕಲ್ಲಿನಲ್ಲಿ ಅಶೋಕ್ ಲೇಲ್ಯಾಂಡಿನವರ ಚಾಲಕ ತರಬೇತಿ ಸಂಸ್ಥೆ 1995ರಿಂದ ನಡೆಯುತ್ತಿದೆ. ಕಂಪನಿ ಯಾವುದೇ ಇರಲಿ, ‘ಮೊದಲ ಎಷ್ಟು ದಿನ ಹಳಬರ ಜೊತೆ ಕಳಿಸ್ತೀರಿ?’ ಎಂದು ಕೇಳಿ. ‘ಲೈಸೆನ್ಸ್ ಐತಲ್ಲ, ಇವತ್ತೇ ಹೊರಡು’ ಎಂದರೆ ಅವರಿಗೆ ಬೇಕಾಗಿರುವುದು ಚಾಲಕನಲ್ಲ, ಸೀಟಿನ ಮೇಲೆ ಕೂರಲು ಒಬ್ಬ ಮನುಷ್ಯ.

ಮಧ್ಯಾಹ್ನ ತಂದೆ ಮಗ ಇಬ್ಬರೂ ಬೈಕಿನಲ್ಲಿ ಕೋಲಾರಕ್ಕೆ ಹೋಗಿ ಮಂಡಿಯವರನ್ನು ಕಂಡರು. ಮಂಡಿಯವರು ಕೆಟ್ಟವರೇನಲ್ಲ, ಕಾಫಿ ಕೊಟ್ಟರಂತೆ. ಎಫ್‌ಸಿ ಮುಂದಿನ ವಾರ ಮಾಡಿಸ್ತೀನಿ ಎಂದರಂತೆ. ಎರಡನೇ ಡ್ರೈವರ್ ಎಂದ ಕೂಡಲೇ ನಕ್ಕು, ‘ಇಬ್ಬರಿಗೆ ಕೊಟ್ರೆ ನನಗೇನು ಉಳೀತದೆ? ನಿನಗೆ ಬೇಕಾದ್ರೆ ಇನ್ನೆರಡು ಸಾವಿರ ಸೇರಿಸ್ತೀನಿ’ ಎಂದರಂತೆ.

ಬುಧವಾರ ರಾತ್ರಿ ಹುಡುಗನ ಫೋನು ಬಂತು. ನರಸಾಪುರಕ್ಕೆ ಸೇರಿದ್ದಾನೆ. ಹದಿನೈದು ದಿನ ಎಡಗಡೆಯ ಸೀಟು, ಬ್ಯಾಟಾ ಅರ್ಧ. ಜೊತೆಗಿರುವವರು ಮುಳಬಾಗಿಲು ಕಡೆಯ ಐವತ್ತು ದಾಟಿದ ಚಾಲಕರು. ‘ಮೂರು ದಿನದಿಂದ ಬರೀ ಟೈರ್ ಗಾಳಿ ನೋಡೋದು, ಕಂಟೇನರ್ ಲಾಕ್ ನೋಡೋದು ಕಲಿಸ್ತಾವ್ರೆ ಸಾ, ಸ್ಟಿಯರಿಂಗ್ ಮುಟ್ಟಕ್ಕೆ ಬಿಟ್ಟಿಲ್ಲ’ ಎಂದು ಗೊಣಗಿದ. ನೇಮಕಾತಿ ಪತ್ರ ಕೊಟ್ಟರಾ ಎಂದೆ. ತಿಂಗಳ ಕೊನೆಗೆ ಕೊಡುತ್ತಾರಂತೆ. ಒಂದನೇ ತಾರೀಕು ಮತ್ತೆ ಕೇಳು ಎಂದಿದ್ದೇನೆ.

ಅವನ ತಂದೆಗೆ ಇನ್ನೂ ಸಮಾಧಾನವಿಲ್ಲ. ಸಂತೆಯಲ್ಲಿ ಸಿಕ್ಕಿದ್ದರು, ನಮಸ್ಕಾರ ಹೇಳಿ ಬೇಗ ಮುಂದೆ ಹೋದರು. ಬಡ್ಡಿ ಕಟ್ಟುವವರು ಅವರಲ್ಲವೇ.